ಸ್ವಿಚ್ಚು ಎಲ್ಲಿಗೆ ಹಾಕಲಿ?

ಬಂದರಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಲಂಗರಮ್ಮ. ಪ್ರವಾಸಿಗರನ್ನು ಎದುರಿನ ನಡುಗಡ್ಡೆಗೆ ಕರೆದೊಯ್ದು, ಅವರು ಈಜಿ ದಣಿಯುವವರೆಗೆ ಕಾದು, ವಾಪಸ್ ಕರೆತರುವ ಚಿಕ್ಕ ಹಾಯಿದೋಣಿ ಈ ಗಂಡಹೆಂಡಿರದು. ಗಂಡ ಹಿಂದೆ ಕೂತು ಚುಕ್ಕಾಣಿ ಹಿಡಿದರೆ, ಇವಳು ದೋಣಿಯ ಮೂತಿಯಲ್ಲಿ ನಿಂತು ಲಂಗರು ಇಳಿಸುವವಳು, ಎತ್ತುವವಳು. ಮದುವೆಯಾದ ವರ್ಷದಿಂದ ಇದೇ ಸಂಸಾರ. ಮನೆ ಅಂತ ಒಂದಿತ್ತು, ಬಂದರಿನ ಹಿಂದಿನ ಓಣಿಯಲ್ಲಿ ಎರಡು ಕೋಣೆ. ಅಲ್ಲಿ ಅವಳು ಅಡುಗೆ ಮಾಡುತ್ತಿದ್ದಳು, ಮಲಗುತ್ತಿದ್ದಳು. ಬದುಕುತ್ತಿದ್ದುದೆಲ್ಲ ದೋಣಿಯಲ್ಲೇ.

ಅಂಥವಳಿಗೆ ಮಣಿಕಟ್ಟುಗಳೇ ಕೈಕೊಟ್ಟವು. ಮೊದಮೊದಲು ಬೆಳಗ್ಗೆ ಬೆರಳು ಮಡಚಲಾಗುತ್ತಿರಲಿಲ್ಲ. ಆಮೇಲೆ ಒದ್ದೆ ಬಟ್ಟೆ ಹಿಂಡಲಾಗಲಿಲ್ಲ. ಹಿಂಡದ ಬಟ್ಟೆಯನ್ನೇ ಹಗ್ಗಕ್ಕೆ ಹಾಕಿ, ನೀರು ತೊಟ್ಟಿಕ್ಕುವ ಕಡೆ ಬಕೆಟ್ ಇಟ್ಟಳು. ಸವೆದ ಕೀಲು ಮತ್ತೆ ಬೆಳೆಯುವುದಿಲ್ಲ ಎಂದರು ಡಾಕ್ಟರು. ಗಂಡನ ಮುಂದೆ ತುಟಿಪಿಟಿಕ್ಕೆನ್ನಲಿಲ್ಲ ಅವಳು. ಹೇಳಿದರೆ ಆ ಪಾಪದ ಮನುಷ್ಯ ಪ್ರೀತಿಯಿಂದಲೇ ಮನೆಯಲ್ಲಿ ಕೂರಿಸಿಬಿಡುತ್ತಾನೆಂದು ಗೊತ್ತಿತ್ತು.

ಕೊನೆಗೆ ಲಂಗರಿನ ಸರಪಳಿಯೇ ಚಾಡಿ ಹೇಳಿತು. ಒಂದು ಮಧ್ಯಾಹ್ನ ನಡುಗಡ್ಡೆಯ ಬಳಿ ಗಾಳಿ ಜೋರಾಯಿತು. ಅರ್ಧ ಮೇಲೆ ಬಂದಿದ್ದ ಲಂಗರು ಕೈಜಾರಿ, ಸರಪಳಿ ಅವಳ ಅಂಗೈ ಸುಲಿಯುತ್ತ ಓಡಿತು. ಗಂಡ ಚುಕ್ಕಾಣಿ ಬಿಟ್ಟು ಓಡಿಬಂದು ಸರಪಳಿಯನ್ನು ಮೆಟ್ಟಿ ಹಿಡಿದ. ದೋಣಿ ಬಂಡೆಗೆ ಬಡಿಯುವುದೊಂದು ಬಾಕಿಯಿತ್ತು.

"ಯಾವಾಗಿಂದ ಹೀಗೆ?"

"ಇವತ್ತೇ. ಕೈ ಒದ್ದೆ ಇತ್ತು ಕಣ್ರೀ."

"ನೆಟ್ಟಗೆ ಸುಳ್ಳು ಹೇಳೋಕೂ ಬರಲ್ಲ ನಿಂಗೆ."

ಮರುದಿನವೇ ಸರಪಳಿಯ ಒಂದು ತುಂಡು ಹಿಡಿದು ಇಬ್ಬರೂ ದೋಣಿ ಸಾಮಾನಿನ ಅಂಗಡಿಗೆ ಹೋದರು. ಲಂಗರೆತ್ತುವ ಮಷೀನಿನ ಚಕ್ರದಲ್ಲಿ ಕೊಂಡಿಗಳು ಸರಿಯಾಗಿ ಕೂರಬೇಕು, ಇಲ್ಲದಿದ್ದರೆ ಜಾರುತ್ತವೆ. ಕೂರುವಂಥವು ಎರಡು ಸಿಕ್ಕವು. ಒಂದು, ಹಿಡಿಯನ್ನು ಹಿಂದೆ ಮುಂದೆ ತಳ್ಳಿ ಎತ್ತುವಂಥದ್ದು. ಇನ್ನೊಂದು ಮೋಟರಿನದು.

"ಈ ಹಿಡಿಯದೇ ಸಾಕು. ನಾನೇ ತಳ್ತೀನಿ," ಎಂದಳು.

"ಎಲ್ಲಿ, ತಳ್ಳು ನೋಡೋಣ."

ಅಂಗಡಿಯವನು ಮಷೀನನ್ನು ಮೇಜಿಗೆ ಬಿಗಿದು, ಸರಪಳಿಗೆ ಭಾರ ಕಟ್ಟಿಕೊಟ್ಟ. ಅವಳು ನಗುನಗುತ್ತಲೇ ತಳ್ಳಿದಳು. ಇನ್ನೊಂದು ಸಲ ತಳ್ಳಿದಳು. ನಗು ಹಾಗೇ ಇತ್ತು, ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು.

"ಮೋಟರಿಂದೇ ಕೊಡಿ," ಎಂದ ಗಂಡ.

ಮಷೀನು ಕೂರಿಸಲು ಎಲೆಕ್ಟ್ರಿಷಿಯನ್ ಬಂದ. ಡೆಕ್ಕಿನಲ್ಲಿ ತೂತು ಕೊರೆದು, ಮರ ನೀರು ಕುಡಿಯದಂತೆ ಅಂಚಿಗೆ ಅಂಟು ಬಳಿದ. ಬೋಲ್ಟುಗಳು ಕಿತ್ತುಬರದಂತೆ ಅಡಿಗೆ ದಪ್ಪ ಹಲಗೆ ಕೊಟ್ಟ. ಸರಪಳಿ ಬಂದು ಬೀಳುವ ಕತ್ತಲ ಪೆಟ್ಟಿಗೆಯೊಳಗೆ ಅಂಗಾತ ಮಲಗಿ, ಎರಡೂ ಕೈಯಲ್ಲಿ ಸ್ಪಾನರ್ ಅವುಚಿಕೊಂಡು ನಟ್ಟು ತಿರುಗದಂತೆ ತಡೆದವಳು ಲಂಗರಮ್ಮನೇ. ತನ್ನ ಕೆಲಸ ಕಸಿಯಲು ಬಂದ ಮಷೀನಿಗೆ ತಾನೇ ಬಾಣಂತನ ಮಾಡಿದ ಹಾಗಾಯಿತು.

ಮೇಲಿಂದ ಮಾತು ಕೇಳಿಸಿತು.

"ಸ್ವಿಚ್ಚು ಎಲ್ಲಿಗೆ ಹಾಕಲಿ, ಅಣ್ಣಾ? ಮುಂದೆ ಕಾಲಲ್ಲಿ ಒತ್ತೋ ಥರ ಹಾಕಬಹುದು. ಇಲ್ಲಾ ಹಿಂದೆ, ಚುಕ್ಕಾಣಿ ಪಕ್ಕ."

ಲಂಗರಮ್ಮ ಮಲಗಿದಲ್ಲೇ ಕಿವಿಗೊಟ್ಟಳು. ಕಾಲು ಗಟ್ಟಿಯಾಗಿದ್ದವು ಅವಳವು. ಮುಂದೆ ಅನ್ನಲಿ, ಮುಂದೆ ಅನ್ನಲಿ.

"ಹಿಂದೆ ಹಾಕಪ್ಪ. ನಾನೊಬ್ಬನೇ ನಿಭಾಯಿಸ್ತೀನಿ. ಅವಳು ಇನ್ನು ಮನೇಲಿ ಆರಾಮಾಗಿರ್ಲಿ."

ಅವಳು ತೆವಳಿಕೊಂಡು ಹೊರಬಂದಳು, ಕೂದಲ ತುಂಬ ಮರದ ಪುಡಿ. "ನೆಗಡಿ ಆಯ್ತು ಅಂತ ಮೂಗನ್ನೇ ಕುಯ್ತೀರಾ? ಕಾಲಲ್ಲಿ ಒತ್ತೋಕೆ ನಂಗೇನು ಧಾಡಿ?"

"ಆವತ್ತು ಸರಪಳಿ ನಿನ್ನ ಕಾಲಿಗೆ ಸುತ್ತಿಕೊಂಡಿದ್ರೆ ಏನು ಗತಿ? ಕಣ್ಣು ಮುಚ್ಚಿದ್ರೆ ಅದೇ ಕಾಣುತ್ತೆ ಕಣೇ. ದಮ್ಮಯ್ಯ, ಸಾಕು ಬಿಡು."

ಬೈದಿದ್ದರೆ ಬೈದು ತೀರಿಸಿಕೊಳ್ಳುತ್ತಿದ್ದಳು. ದಮ್ಮಯ್ಯ ಅಂದವನನ್ನು ಬೈಯುವುದು ಹೇಗೆ? ಸ್ವಿಚ್ಚು ಹಿಂದೆಯೇ ಕೂತಿತು. ಆ ದಿನವೆಲ್ಲ ಅವಳು ಮನೆಯ ಎರಡು ಕೋಣೆಗಳನ್ನು ನೋಡುತ್ತ ಕೂತಳು. ಇಲ್ಲಿ ಇನ್ನು ಎಷ್ಟು ಸಲ ಕಸ ಗುಡಿಸಬಹುದು? ಹೆದರಿಕೆಯಾಯಿತು, ಸಾವಿಗೂ ಅಷ್ಟು ಹೆದರಿರಲಿಲ್ಲ.

ಮಷೀನು ಪರೀಕ್ಷಿಸುವ ದಿನ ಹಟ ಮಾಡಿ ದೋಣಿ ಹತ್ತಿದಳು. ಮಷೀನು ಕೆಡಲಿ, ಸುಟ್ಟುಹೋಗಲಿ ಎಂದು ಮನಸ್ಸಿನಲ್ಲೇ ಶಾಪ ಹಾಕಿದಳು. ಅದು ಕೆಡಲಿಲ್ಲ. ಕೈಯಲ್ಲಿ ಎಳೆದಾಗ ಜಪ್ಪಯ್ಯ ಅಂದರೂ ಏಳದ ಲಂಗರು ಗುರ್ ಎಂದು ಸಲೀಸಾಗಿ ಮೇಲೆ ಬಂತು. ಎಲೆಕ್ಟ್ರಿಷಿಯನ್ ಚಪ್ಪಾಳೆ ತಟ್ಟಿದ. ಗಂಡ ಮದುವಣಿಗನ ಹಾಗೆ ಬೀಗಿದ.

ಅವಳು ಹಿಂದೆ ಹೋಗಿ ಅವನೆದುರು ನಿಂತಳು. "ಏಳಿ."

"ಯಾಕೆ?"

"ಒಬ್ಬರು ಸಾಕು ಅಂದ್ರಲ್ಲ, ಆ ಒಬ್ಬರು ನಾನಾಗ್ತೀನಿ. ಗುಂಡಿ ಒತ್ತೋಕೆ ಒಂದು ಬೆರಳು ಸಾಕು. ಚುಕ್ಕಾಣೀನ ಕಂಕುಳಲ್ಲಿ ಹಿಡ್ಕೋತೀನಿ. ನೀವು ಮನೇಲಿ ಆರಾಮಾಗಿರಿ."

ಅವನು ನಕ್ಕ. ಅವಳು ನಗಲಿಲ್ಲ. ಎಲೆಕ್ಟ್ರಿಷಿಯನ್ ತನ್ನ ಸಾಮಾನಿನ ಚೀಲದೊಳಗೆ ಏನನ್ನೋ ಹುಡುಕತೊಡಗಿದ. ಗಂಡ ನಿಧಾನವಾಗಿ ಎದ್ದು, ದಾರಿ ಗೊತ್ತಿಲ್ಲದವನ ಹಾಗೆ ಮೂತಿಯ ಕಡೆ ನಡೆದ.

ಅವಳು ಅವನ ಜಾಗದಲ್ಲಿ ಕೂತು, ಗುಂಡಿ ಒತ್ತಿ ಲಂಗರು ಇಳಿಸಿದಳು, ದೋಣಿಯನ್ನು ನಿಲ್ಲಿಸಿದಳು, ಮತ್ತೆ ಎತ್ತಿದಳು. ಓಡುವ ಸರಪಳಿಯ ಕಡೆ ಅವನು ಒಮ್ಮೆ ಬಗ್ಗಿದ, ಮುಟ್ಟುವಂತಿಲ್ಲ ಎಂದು ನೆನಪಾಗಿ ಹಿಂದೆ ಸರಿದ. ಕೈಗಳನ್ನು ಜೇಬಿಗೆ ಹಾಕಿದ, ತೆಗೆದ, ಬೆನ್ನ ಹಿಂದೆ ಕಟ್ಟಿಕೊಂಡ. ತಿರುಗಿ ಅವಳನ್ನು ನೋಡಿದ. ತನಗೇನಾದರೂ ಕೆಲಸ ಕೊಡು ಎಂಬಂತಿತ್ತು ಆ ನೋಟ.

ಅವಳ ಕರುಳು ಚುರುಕ್ ಎಂದಿತು. ಆದರೂ ಅವಳು ಏಳಲಿಲ್ಲ.