ವಳಕಮದಿನ್ನಿಯ ಸುರೇಖಾ ಮತ್ತು ಎಣ್ಣೆ ಹೊಡೆಯುವ ಗಾಡಿ

ವಳಕಮದಿನ್ನಿಯ ಮಲ್ಲೇಶ ಹದಿನೆಂಟು ವರ್ಷ ಬೇರೆಯವರ ಗದ್ದೆಗಳಿಗೆ ಎಣ್ಣೆ ಹೊಡೆದ ಮನುಷ್ಯ. ಭತ್ತಕ್ಕೆ ಕೀಟನಾಶಕ ಸಿಂಪಡಿಸುವುದಕ್ಕೆ ಆ ಕಡೆ ಹಾಗೆಯೇ ಅನ್ನುತ್ತಾರೆ. ಬೆನ್ನಿಗೆ ಟ್ಯಾಂಕು, ಮೂಗಿಗೆ ಒಂದು ಟವೆಲ್ಲು, ಅಷ್ಟೇ ಅವನ ಸರಂಜಾಮು. ಮಗಳು ಸುರೇಖಾ ಹತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಅವನು ಗದ್ದೆಯಲ್ಲೇ ಕುಸಿದು ಬಿದ್ದ. ಸಿಂಧನೂರಿನ ಆಸ್ಪತ್ರೆಯಲ್ಲಿ ಮೂರು ದಿನ ಮಲಗಿ ಎದ್ದು ಬಂದವನು, ಹದಿನೈದು ದಿನಕ್ಕೆ ಮತ್ತೆ ಟ್ಯಾಂಕು ಹೊತ್ತ. ಅಂಗನವಾಡಿಯಲ್ಲಿ ಕೆಲಸ ಮಾಡುವ ಹೆಂಡತಿ ಅಮರಮ್ಮ ಬೇಡವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆ ಕೆಲಸವನ್ನು ಅವನಷ್ಟು ಚೊಕ್ಕಟವಾಗಿ ಮಾಡುವವರು ಸುತ್ತಮುತ್ತ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಸುರೇಖಾ ವಾದಕ್ಕೆ ಇಳಿಯುವ ಹುಡುಗಿಯಲ್ಲ. ಲಿಂಗಸುಗೂರಿನಲ್ಲಿ ಡಿಪ್ಲೊಮಾಕ್ಕೆ ಸೇರಿ, ಕೊನೆಯ ವರ್ಷದ ಪ್ರಾಜೆಕ್ಟ್ ಏನು ಮಾಡುವುದೆಂದು ತಂಡದವರು ಕೂತು ಚರ್ಚಿಸಿದಾಗ, ತಾನಾಗಿ ನಡೆದು ಗದ್ದೆಗೆ ಔಷಧಿ ಹೊಡೆಯುವ ಸಣ್ಣ ರೋಬೋ ಮಾಡೋಣವೆಂದಳು. ಯಾಕೆ ಎಂದು ಹೇಳಲಿಲ್ಲ. ತಂಡದಲ್ಲಿ ಇದ್ದವರು ಮೂವರೇ. ಪ್ರೋಗ್ರಾಂ ಬರೆಯುವುದು ಬೀಜದಂಗಡಿಯವರ ಮಗ ಸಂಗನಬಸವನ ಪಾಲಿಗೆ ಬಂತು, ಬ್ಯಾಟರಿ ಮತ್ತು ವೈರಿಂಗ್ ವಿಜಯಶ್ರೀಯ ಪಾಲಿಗೆ. ಉಳಿದದ್ದೆಲ್ಲ ಸುರೇಖಾಳದು.

ಊರಿಗೂ ಕಾಲೇಜಿಗೂ ನಡುವೆ ಬಸ್ಸು ಮಸ್ಕಿಯನ್ನು ಹಾದು ಹೋಗುತ್ತದೆ. ಅಲ್ಲಿ ಮೋಟಾರ್ ರಿಪೇರಿ ಮಾಡುವ ಮೌಲಾಸಾಬರ ಅಂಗಡಿ. ವಾರಕ್ಕೆ ಎರಡು ದಿನ ಅವಳು ಅಲ್ಲಿ ಇಳಿಯತೊಡಗಿದಳು. ಮೊದಮೊದಲು ಅವರು ಅವಳ ಕಾಗದದ ಚಿತ್ರ ನೋಡಿ ಸುಮ್ಮನೆ ತಲೆಯಾಡಿಸಿದರು. ಗಾಡಿಗೆ ಹಾಕಿದ ರಬ್ಬರ್ ಚಕ್ರ ಕೆಸರಲ್ಲಿ ಹೂತು ಹೋದಾಗ, ಹಳೇ ಕೂಲರಿನ ತಗಡು ಕತ್ತರಿಸಿ ಹಲ್ಲಿನ ಚಕ್ರ ಮಾಡಿಕೊಟ್ಟವರು ಅವರೇ.

ಚಕ್ರ ಉರುಳಿತು, ಆದರೆ ಗಾಡಿ ದಾರಿ ಹಿಡಿಯಲಿಲ್ಲ. ಕಾಲೇಜಿನ ನೆಲದ ಮೇಲೆ ಪಟ್ಟಿ ಅಂಟಿಸಿ ಓಡಿಸಿದರೆ ಗೆರೆ ಎಳೆದಂತೆ ಹೋಗುತ್ತಿತ್ತು. ಗದ್ದೆಗೆ ಇಳಿಸಿದರೆ ನಿಂತ ನೀರಲ್ಲಿ ಆಕಾಶ ಹೊಳೆದು ಅದರ ಕ್ಯಾಮೆರಾಕ್ಕೆ ಸಸಿ ಯಾವುದು, ನೆರಳು ಯಾವುದು ತಿಳಿಯುತ್ತಿರಲಿಲ್ಲ. ಸಂಗನಬಸವ ಒಂದು ತಿಂಗಳು ತಲೆ ಕೆಡಿಸಿಕೊಂಡ. ಕಡೆಗೆ ವಿಷಯವನ್ನೇ ಬದಲಿಸೋಣ ಅಂದ.

ಆ ಭಾನುವಾರ ಸುರೇಖಾ ಬದುವಿನ ಮೇಲೆ ಕೂತು ಅಪ್ಪ ಎಣ್ಣೆ ಹೊಡೆಯುವುದನ್ನು ನೋಡಿದಳು. ಯಂತ್ರದಿಂದ ನಾಟಿ ಮಾಡಿದ ಗದ್ದೆ. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಮಲ್ಲೇಶ ಕಣ್ಣು ಅರ್ಧ ಮುಚ್ಚಿಕೊಂಡೇ ಈ ತುದಿಯಿಂದ ಆ ತುದಿಗೆ ಹೋದ. ಒಂದು ಸಸಿಯನ್ನೂ ತುಳಿಯಲಿಲ್ಲ. ಸಾಲು ಹೆಂಗ ಕಾಣತೈತಿ ಎಂದು ಮಗಳು ಕೇಳಿದಳು.

"ನಾ ಎಲ್ಲಿ ನೋಡ್ತೀನವ್ವ? ಸಸಿ ಮೊಣಕಾಲಿಗೆ ಸವರತಾವ. ಎಡಕ್ಕ ಸವರಿದ್ರ ಬಲಕ್ಕ ಸರೀತೀನಿ" ಎಂದ ಮಲ್ಲೇಶ.

ಮರುದಿನ ಕ್ಯಾಮೆರಾ ಬಿಚ್ಚಿದರು. ಮೌಲಾಸಾಬರು ಬೈಕಿನ ಹಳೇ ಕ್ಲಚ್ ತಂತಿಯನ್ನು ಬಿಡಿಸಿ, ಗಾಡಿಯ ಎರಡೂ ಬದಿಗೆ ಮೀಸೆಯಂತೆ ಕೂರಿಸಿದರು. ಸಸಿ ತಾಗಿ ತಂತಿ ಬಾಗಿದರೆ ಬುಡದ ಸ್ವಿಚ್ಚು ಒತ್ತಿಕೊಳ್ಳಬೇಕು, ಗಾಡಿ ಆಚೆ ಸರಿಯಬೇಕು. ಸಂಗನಬಸವ ಪ್ರೋಗ್ರಾಂ ಅನ್ನು ಮೊದಲಿನಿಂದ ಬರೆದ.

ಪರೀಕ್ಷಕರು ಗದ್ದೆಗೇ ಬಂದು ನೋಡುತ್ತೇವೆಂದರು. ಅಂದು ಬೆಳಿಗ್ಗೆ ಸಂಗನಬಸವ ಜೇಬಿನಿಂದ ಒಂದು ರಿಮೋಟ್ ತೆಗೆದು ತೋರಿಸಿದ. ಗಾಡಿ ನಡುವೆ ನಿಂತರೆ ದೂರದಿಂದ ತಾನು ನಡೆಸುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದ. ವಿಜಯಶ್ರೀ ಸುರೇಖಾಳ ಮುಖ ನೋಡಿದಳು.

"ತಾನಾಗೇ ನಡೀತೈತಿ ಅಂತ ರಿಪೋರ್ಟಿನ್ಯಾಗ ಬರದೀವಿ. ಅದನ್ನ ಇಟ್ಟು ಬಾ, ಸಂಗನಬಸವ" ಎಂದಳು ಸುರೇಖಾ. ಅವಳ ದನಿ ಏರಲಿಲ್ಲ. ಅವನು ರಿಮೋಟನ್ನು ಬ್ಯಾಗಿಗೆ ಹಾಕಿ ಬಂದ.

ಟ್ಯಾಂಕಿನಲ್ಲಿ ಬರೀ ನೀರು ತುಂಬಿ ಬಿಟ್ಟರು. ಗಾಡಿ ಎರಡು ಸಾಲು ಚೆನ್ನಾಗಿ ಹೋಯಿತು. ಮೂರನೆಯದರ ನಡುವೆ ಗಕ್ಕನೆ ನಿಂತಿತು. ಬದುವಿನ ಮೇಲಿದ್ದ ಹತ್ತಿಪ್ಪತ್ತು ಜನ ಗುಸುಗುಸು ಶುರುಮಾಡಿದರು. ಸುರೇಖಾ ಇಸ್ತ್ರಿ ಮಾಡಿದ ಚೂಡಿದಾರದಲ್ಲೇ ಮೊಣಕಾಲುದ್ದ ಕೆಸರಿಗೆ ಇಳಿದಳು. ಪಾಚಿ ಸುತ್ತಿಕೊಂಡು ಎಡಗಡೆಯ ತಂತಿ ಮಡಚಿಹೋಗಿತ್ತು. ಬಿಡಿಸಿ ನೆಟ್ಟಗೆ ಮಾಡಿ ಮತ್ತೆ ಚಾಲೂ ಮಾಡಿದಳು. ಉಳಿದ ಒಂಬತ್ತು ಸಾಲನ್ನು ಅದು ಎಲ್ಲೂ ನಿಲ್ಲದೆ ಮುಗಿಸಿತು.

ಪರೀಕ್ಷಕರು ಮೆಚ್ಚಿ ಕೈಕುಲುಕಲು ಬಂದಾಗ ಅವಳು ಮೊದಲು ಹೇಳಿದ ಮಾತು: "ಮೂರನೇ ಸಾಲಿನ್ಯಾಗ ನಾ ಕೈ ಹಚ್ಚೀನ್ರಿ ಸರ್. ಅದನ್ನೂ ಬರಕೊಳ್ರಿ."

ಅವರು ಬರೆದುಕೊಂಡರು. ಕಾಲೇಜಿನ ಪ್ರಾಜೆಕ್ಟುಗಳಲ್ಲಿ ತಂಡಕ್ಕೆ ಎರಡನೇ ಸ್ಥಾನ ಬಂತು. ಸಂಗನಬಸವ ಎರಡು ದಿನ ಮುನಿಸಿಕೊಂಡಿದ್ದ; ಮೂರನೇ ದಿನ ಪಾಚಿ ತಾಗದಂತೆ ತಂತಿಯನ್ನು ಎಷ್ಟು ಎತ್ತರಿಸಬೇಕೆಂದು ಕೇಳಿಕೊಂಡು ಅವನೇ ವಳಕಮದಿನ್ನಿಗೆ ಬಂದ.

ಈಗ ಸುರೇಖಾ ಮಸ್ಕಿಯಲ್ಲಿ ಮೌಲಾಸಾಬರ ಅಂಗಡಿಯ ಪಕ್ಕದ ಕೋಣೆಯಲ್ಲಿ ಎರಡನೇ ಗಾಡಿ ಕಟ್ಟುತ್ತಿದ್ದಾಳೆ. ಕಳೆದ ಹಂಗಾಮಿನಲ್ಲಿ ಮೊದಲ ಗಾಡಿ ಎರಡು ಎಕರೆಗೆ ಎಣ್ಣೆ ಹೊಡೆಯಿತು. ಮಲ್ಲೇಶ ಗಾಳಿಗೆ ಬೆನ್ನು ಮಾಡಿ ಬದುವಿನ ಮೇಲೆ ನಿಂತಿದ್ದ. ಬೆನ್ನ ಮೇಲೆ ಭಾರವಿಲ್ಲದೆ ಕೈ ಎಲ್ಲಿಡಬೇಕೆಂದೇ ತಿಳಿಯದೆ, ಆಗಾಗ ಹೆಗಲು ಸವರಿಕೊಳ್ಳುತ್ತಿದ್ದನಂತೆ. ಸಾಲಗುಂದದಿಂದ ಮೂವರು ರೈತರು ಬಂದು ತಮಗೂ ಒಂದು ಬೇಕೆಂದು ಕೇಳಿದರು. ಸುರೇಖಾ ಅವರನ್ನು ಕೂರಿಸಿ, ಟ್ಯಾಂಕು ಇನ್ನೂ ಐದೇ ಲೀಟರಿನದು, ಕೈಯಿಂದ ನಾಟಿ ಮಾಡಿದ ಗದ್ದೆಯಲ್ಲಿ ಸಾಲು ನೆಟ್ಟಗಿರದೆ ಇದು ದಾರಿ ತಪ್ಪುತ್ತದೆ, ಇನ್ನೊಂದು ಹಂಗಾಮು ತಡೆಯಿರಿ ಎಂದು ಬಿಡಿಸಿ ಹೇಳಿ, ಚಹಾ ತರಿಸಿದಳು.