ಡೈರಿ ಕ್ಯೂನಲ್ಲಿ ಸಿಕ್ಕ ಮುಜುಗರ

ಮುಜುಗರ ಎಂಬ ಪದದ ಅರ್ಥಕ್ಕೆ ನಾನು ನಿಘಂಟು ತೆಗೆಯಬೇಕಾಗಿಲ್ಲ. ಹೋದ ತಿಂಗಳು ನಮ್ಮೂರ ಹಾಲಿನ ಡೈರಿಗೆ ಹೋಗಿದ್ದೆ, ಸಾಕು.

ನಮ್ಮ ಸೂಲಿಬೆಲೆ ಕಡೆ ಗಂಡಿನವರು ಹೆಣ್ಣು ನೋಡಲು ಬರುವ ಮೊದಲು ಗುಟ್ಟಾಗಿ ವಿಚಾರಿಸುತ್ತಾರೆ. ಎಲ್ಲಿ? ಡೈರಿಯಲ್ಲಿ! ಬೆಳಗ್ಗೆ ಹಾಲು ಹಾಕಲು ಇಡೀ ಊರೇ ಅಲ್ಲಿ ಕ್ಯೂ ನಿಂತಿರುತ್ತದಲ್ಲ. (ಗುಟ್ಟು ಎಂದೆನೇ? ನನ್ನ ಬಗ್ಗೆ ವಿಚಾರಿಸಲು ಅವರು ಬರುವ ಸುದ್ದಿ ಹಿಂದಿನ ದಿನವೇ ನಮ್ಮಮ್ಮನಿಗೆ ತಲುಪಿತ್ತು.)

ಹುಡುಗ ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಫೋಟೋ ಬಂದಿತ್ತು. ಸುಳ್ಳೇಕೆ, ಕದ್ದು ಕದ್ದು ನೋಡಿದ್ದೆ. ಈ ಸಂಬಂಧ ಕೈತಪ್ಪಬಾರದೆಂದು ಅಮ್ಮನಿಗಿಂತ ನನಗೇ ಆಸೆ.

ಅಮ್ಮ ಬೆಳಗ್ಗೆಯೇ ಹೊಸ ಸೀರೆ ಉಡಿಸಿದಳು. "ಇವತ್ತು ಹಾಲು ನೀನೇ ತಗೊಂಡೋಗು. ಅವ್ರು ಹಂಗೇ ನೋಡ್ಕಳ್ಲಿ" ಎಂದಳು. ಹಾಲು ಹಾಕಲು ಯಾರಾದರೂ ಹೊಸ ಸೀರೆ ಉಡುತ್ತಾರೆಯೇ? ಅಷ್ಟಕ್ಕೇ ನಿಲ್ಲಲಿಲ್ಲ. ಕ್ಯಾನಿಗೆ ಎರಡು ಚೊಂಬು ನೀರು ಸುರಿದಳು.

"ತುಂಬಿದ್ರೆ ಒಂದು ಲಕ್ಷಣ ಕಣೇ. ನಾಕು ಹಸ ಐತೆ ಅನ್ಕೊಳ್ಲಿ."

"ಡೈರಿ ಸೆಕ್ರೆಟರಿ ಕಂಡುಹಿಡಿದ್ರೆ?"

"ಅವ್ನು ನಮ್ಮೋನೇ, ಏನೂ ಅನ್ನಲ್ಲ ಹೋಗು."

ಆ 'ನಮ್ಮೋನು' ಸೆಕ್ರೆಟರಿ ನೀರು ಪತ್ತೆ ಹಚ್ಚುವ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಟ್ಟರು. ಅದು ಸೀದಾ ಮುಳುಗಿತು. ಪಕ್ಕದಲ್ಲೇ ಇಸ್ತ್ರಿ ಮಾಡಿದ ಷರ್ಟಿನವರೊಬ್ಬರು ನಿಂತಿದ್ದರು. ಹುಡುಗನ ಸೋದರಮಾವ!

"ಏನವ್ವಾ, ಇವತ್ತು ನಿಮ್ ಹಸ ಕೆರೇಲಿ ನಿಂತ್ಕಂಡು ಹಾಲು ಕೊಡ್ತಾ?" ಸೆಕ್ರೆಟರಿಗೆ ಮೈಕು ಬೇಕಾಗಿರಲಿಲ್ಲ.

ನೋಡಿ, ನಾಚಿಕೆಯಾದರೆ ತಲೆ ತಗ್ಗಿಸಬಹುದು. ಅವಮಾನವಾದರೆ ಜಗಳವಾದರೂ ಆಡಬಹುದು. ಮುಜುಗರವಾದಾಗ ಮಾತ್ರ ಸ್ವಂತ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುವುದಿಲ್ಲ. ಸೆರಗು ಹಿಡಿದೆ, ಬಿಟ್ಟೆ. ಕ್ಯಾನಿನ ಮುಚ್ಚಳ ಹಿಡಿದೆ, ಅದೂ ಬಿತ್ತು. ಬಾಯೊಂದು ಚೆನ್ನಾಗಿ ಕೆಲಸ ಮಾಡಿತು.

"ನಾನಲ್ಲಣ್ಣಾ, ನಮ್ಮಮ್ಮ! ಎರಡೇ ಚೊಂಬು!"

ಕ್ಯೂ ಗೊಳ್ಳೆಂದಿತು. ಸೋದರಮಾವ ಮಾತ್ರ ನಗದೆ ಬಸ್ ಸ್ಟಾಪಿನ ಕಡೆ ನಡೆದರು. ಮುಗಿಯಿತು ನನ್ನ ಕತೆ ಎಂದು ದಾರಿಯುದ್ದಕ್ಕೂ ಅಳುತ್ತಾ ಬಂದೆ. ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು.

"ಹೆತ್ತ ತಾಯಿ ಮಾನ ಕಳೆದ್ಯಲ್ಲೇ, ಮನೆಹಾಳಿ!"

ಮೂರು ದಿನ ಅಮ್ಮನ ಬೈಗುಳ ನಿಲ್ಲಲಿಲ್ಲ. ನಾಲ್ಕನೆಯ ದಿನ ಸೋದರಮಾವ ಹಣ್ಣು ಹೂವು ಹಿಡಿದು ಬಂದೇಬಿಟ್ಟರು. "ಹುಡುಗಿಗೆ ಸುಳ್ಳು ಹೇಳಾಕೆ ಬರಲ್ಲ. ಅಂಥೋಳೇ ಬೇಕು ಅಂತವ್ರೆ ನಮ್ಮಕ್ಕ" ಎಂದರು.

ಅಮ್ಮ ಬಾಗಿಲ ಹಿಂದಿನಿಂದ ಈಚೆಗೆ ಬರಲೇ ಇಲ್ಲ. ಡೈರಿಗೆ ಈಗ ಅಪ್ಪ ಹೋಗುತ್ತಾರೆ. ನನಗೋ ಖುಷಿಯೋ ಖುಷಿ.

ಆದರೂ ಒಂದು ಅನುಮಾನ. ಹೆತ್ತಮ್ಮನನ್ನೇ ಊರೆದುರು ಹಿಡಿದುಕೊಟ್ಟವಳು ಅತ್ತೆಯನ್ನು ಬಿಡುತ್ತಾಳೆಯೇ ಎಂದು ಆ ಮನೆಯಲ್ಲಿ ಯಾರೂ ಯೋಚಿಸಿಲ್ಲವೇ?