ಕೈ ಎತ್ತುವುದನ್ನು ಕಲಿಸಿದ ಮೇಡಂ

ಮೇಡಂ ಅವರ ಬಲಗೈ ಉಂಗುರದ ಬೆರಳು ನೆಟ್ಟಗಿರಲಿಲ್ಲ. ಆಡುವ ಕಾಲದಲ್ಲಿ ಚೆಂಡು ಬಡಿದು ಮುರಿದದ್ದನ್ನು ಯಾರೋ ಎಣ್ಣೆ ಹಚ್ಚಿ ಎಳೆದು ಕಟ್ಟಿದ್ದರಂತೆ. ಅದು ತನಗೆ ತೋಚಿದ ದಿಕ್ಕಿಗೆ ಕೂಡಿಕೊಂಡು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಆ ಬೆರಳನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಅದು ನನ್ನ ಮೂಗಿನ ಮುಂದೆ ಹಳದಿ ಕಾರ್ಡ್ ಹಿಡಿದಿದ್ದಾಗ.

ಆಗ ಅವರು ನಮ್ಮ ಕೋಚ್ ಅಲ್ಲ, ಅಂಪೈರ್. ನಾನು ವಿಜಯನಗರದ ಕಡೆಯ ಒಂದು ಕ್ಲಬ್ಬಿನ ಹೆಂಗಸರ ಹಾಕಿ ತಂಡದಲ್ಲಿ ಡಿಫೆಂಡರ್. ಹಾಕಿಯಲ್ಲಿ ಚೆಂಡು ಸ್ಟಿಕ್ಕಿಗೆ ಮಾತ್ರ ತಗಲಬೇಕು, ಕಾಲಿಗೆ ತಗಲಿದರೆ ತಪ್ಪು. ಆ ದಿನ ನನ್ನ ಕಾಲಿಗೆ ತಗಲಿರಲಿಲ್ಲ. ದೇವರಾಣೆ ತಗಲಿರಲಿಲ್ಲ. ಇವರು ಸೀಟಿ ಊದಿ ಎದುರಾಳಿಗಳಿಗೆ ಪೆನಾಲ್ಟಿ ಕಾರ್ನರ್ ಕೊಟ್ಟರು, ಅಂದರೆ ನಮ್ಮ ಗೋಲಿಗೆ ಹತ್ತಿರದಿಂದ ಹೊಡೆಯುವ ಅವಕಾಶ. ನಾನೇನು ಸುಮ್ಮನಿರುವ ಪೈಕಿಯೇ? ಇಡೀ ಮೈದಾನಕ್ಕೆ ಕೇಳುವಂತೆ ಜಗಳ ತೆಗೆದೆ. ಹಳದಿ ಕಾರ್ಡ್ ಬಂತು, ಹೊರಗೆ ಹೋಗಿ ಕೂತೆ, ಅಷ್ಟರಲ್ಲಿ ಗೋಲೂ ಆಯಿತು. ವಾಪಸು ಬರುವಾಗ ಮೆಟ್ರೋದಲ್ಲಿ ಹೊಸಹಳ್ಳಿ ಬರುವವರೆಗೂ ಆ ಹೆಂಗಸಿಗೆ ಶಾಪ ಹಾಕಿದ್ದೇ ಹಾಕಿದ್ದು. ಎದುರಿಗೆ ಕೂತ ಅಜ್ಜಿಯೊಬ್ಬರು ನಾನು ಅತ್ತೆಯನ್ನು ಬೈಯುತ್ತಿದ್ದೇನೆ ಅಂದುಕೊಂಡು ಸಮಾಧಾನ ಹೇಳಿದರು.

ಅದಾದ ಮೇಲೆ ನಮ್ಮ ತಂಡ ಇಳಿಜಾರಿನಲ್ಲಿ ಬಿಟ್ಟ ತಳ್ಳುಗಾಡಿಯಾಯಿತು. ಕೋಚ್‌ಗಳು ಬಂದರು, ಹೋದರು. ಒಬ್ಬ ಮಹಾನುಭಾವರಂತೂ ಮೈದಾನಕ್ಕೇ ಬರದೆ ವಾಟ್ಸಾಪಿನಲ್ಲಿ ಕೋಚಿಂಗ್ ಮಾಡುತ್ತಿದ್ದರು. ಸೋತ ಮೇಲೆ ಗೋಲ್‌ಕೀಪರ್ ನನ್ನನ್ನು ಬೈಯುವಳು, ನಾನು ನಡುವೆ ಆಡುವವರನ್ನು ಬೈಯುವೆನು, ಎಲ್ಲರೂ ಸೇರಿ ಅಂಪೈರನ್ನು ಬೈಯುತ್ತಿದ್ದೆವು. ಇಷ್ಟೊಂದು ತಪ್ಪು ನಡೆಯುತ್ತಿತ್ತು, ಒಂದಕ್ಕೂ ಒಡತಿಯಿರಲಿಲ್ಲ. ಕ್ಲಬ್ಬಿನ ಸೆಕ್ರೆಟರಿಗೆ ರಾಜಾಜಿನಗರದಲ್ಲಿ ಹಾರ್ಡ್‌ವೇರ್ ಅಂಗಡಿ. ಹೆಂಗಸರ ತಂಡ ಅಂದರೆ ಅವರಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಈ ಸಲ ಕೊನೆಯ ಸ್ಥಾನಕ್ಕಿಳಿದು ಕೆಳಗಿನ ಡಿವಿಷನ್‌ಗೆ ಬಿದ್ದರೆ ತಂಡವನ್ನೇ ಮುಚ್ಚುತ್ತೇನೆ ಅಂತ ಎಲ್ಲರ ಮುಂದೆ ಹೇಳಿಬಿಟ್ಟರು. ಬೆಳಗಿನಿಂದ ಸಂಜೆವರೆಗೆ ಬಸವೇಶ್ವರನಗರದ ಕ್ಲಿನಿಕ್ಕೊಂದರಲ್ಲಿ ಟೋಕನ್ ಕೊಡುವ ನನಗೆ ಆ ಮಣ್ಣಿನ ಮೈದಾನ ಬಿಟ್ಟರೆ ಬೇರೆ ಯಾವ ಸಡಗರವೂ ಇರಲಿಲ್ಲ. ತಂಡ ಮುಚ್ಚಿದರೆ ಸಾಕು, ಸ್ಟಿಕ್ಕನ್ನು ಜೇಡರ ಬಲೆ ಹೊಡೆಯಲು ಇಟ್ಟುಕೊಳ್ಳುತ್ತೇನೆ ಅಂತ ಅಮ್ಮ ಬೇರೆ ಕಾದು ಕೂತಿದ್ದರು.

ಬೇರೆ ಯಾರೂ ಒಪ್ಪದೆ ಇದ್ದಾಗ ಸೆಕ್ರೆಟರಿ ಕರೆತಂದದ್ದು ಇವರನ್ನು. ಅಂಪೈರಿಂಗ್ ಬಿಟ್ಟು ಮನೆಯಲ್ಲಿದ್ದರಂತೆ. ಸಲ್ವಾರಿನ ಕೆಳಗೆ ಬಿಳಿ ಶೂ, ಹೆಗಲಿಗೆ ತರಕಾರಿ ಚೀಲ, ಚೀಲದಲ್ಲಿ ನಮಗೆಲ್ಲ ಅಂತ ಹೆಚ್ಚಿ ತಂದ ಸೌತೆಕಾಯಿ. ನನಗೆ ಮೈಯೆಲ್ಲ ಉರಿಯಿತು. ಮೊದಲ ದಿನವೇ ಎದುರು ನಿಂತು, ಅವತ್ತು ನನ್ನ ಕಾಲಿಗೆ ತಗಲಿರಲಿಲ್ಲ, ನಿಮಗೆ ಗೊತ್ತಾ ಅಂತ ಕೇಳಿದೆ.

“ಇರಬಹುದಮ್ಮ,” ಅಂದರು. “ನಂಗೆ ಸರಿಯಾಗಿ ಕಾಣ್ಲಿಲ್ಲ. ಅದಕ್ಕೇ ನಿನ್ನ ಮುಖ ನೋಡ್ದೆ. ಆದ್ರೆ ನೀನು ಆ ಮ್ಯಾಚಲ್ಲಿ ತಗಲಿದ್ದಕ್ಕೂ ಕೂಗ್ದೆ, ತಗಲ್ದೇ ಇದ್ದಿದ್ದಕ್ಕೂ ಕೂಗ್ದೆ. ನಾನು ಯಾವ ಕೂಗನ್ನ ನಂಬಬೇಕಿತ್ತು?”

ಅವರು ಸೌತೆಕಾಯಿ ಡಬ್ಬಿ ಮುಂದೆ ಹಿಡಿದರು. ಕೋಪದಲ್ಲೇ ಎರಡು ತುಂಡು ತೆಗೆದುಕೊಂಡೆ.

ಅವರ ಕಾಯಿದೆ ಒಂದೇ. ಚೆಂಡು ಕಾಲಿಗೆ ತಗಲಿತೋ, ಯಾರು ನೋಡಲಿ ಬಿಡಲಿ, ನೀನೇ ಕೈ ಎತ್ತಬೇಕು, ಚೆಂಡನ್ನು ಎದುರಿನವಳಿಗೆ ಬಿಟ್ಟುಕೊಡಬೇಕು. ಮೊದಮೊದಲು ನಮ್ಮ ಅಭ್ಯಾಸವೆಂದರೆ ನಗೆಪಾಟಲು. ಆಟ ಎರಡು ಹೆಜ್ಜೆ ಓಡಿ ನಿಲ್ಲುವುದು, ಯಾರೋ ಕೈ ಎತ್ತುವುದು, ಮತ್ತೆ ಓಡುವುದು, ಇನ್ಯಾರೋ ಎತ್ತುವುದು. ಒಂದನೇ ಕ್ಲಾಸಿನ ಮಕ್ಕಳು ಒಂದಕ್ಕೆ ಹೋಗಬೇಕು ಅಂತ ಸಾಲಾಗಿ ಕೈ ಎತ್ತಿದ ಹಾಗಿತ್ತು. ಪಕ್ಕದಲ್ಲಿ ಕ್ರಿಕೆಟ್ ಆಡುವ ಹುಡುಗರು ಆಟ ನಿಲ್ಲಿಸಿ ನಮ್ಮನ್ನು ನೋಡಿ ನಗುತ್ತಿದ್ದರು.

ಬರುಬರುತ್ತಾ ಕಾಯಿದೆ ಕಾಲಿನಿಂದಾಚೆಗೂ ಹಬ್ಬಿತು. ಅಭ್ಯಾಸ ಮುಗಿದ ಮೇಲೆ ಮೈದಾನದೆದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯುವಾಗ ಒಬ್ಬೊಬ್ಬರೂ ತಮ್ಮ ತಪ್ಪು ಹೇಳಬೇಕು. ಅದಕ್ಕೂ ಕೈ ಎತ್ತಿ, “ಇದು ನಂದು” ಅನ್ನಬೇಕು. ಲೇಟಾಗಿ ಬಂದದ್ದು, ಪಾಸ್ ಕೊಡದೆ ಒಬ್ಬಳೇ ಓಡಿದ್ದು, ಏನಾದರೂ ಸರಿ. ಹೇಳಿದ ಮೇಲೆ ಬೈಗುಳವಿಲ್ಲ, ಉಪದೇಶವಿಲ್ಲ, ಮುಂದಿನವಳು ಹೇಳಬೇಕು. ಯಾರಾದರೂ ಇನ್ನೊಬ್ಬಳ ಕಡೆ ಬೆರಳು ತೋರಿಸಿದರೆ ಮಾತ್ರ ಮೇಡಂ ಬಿಡುತ್ತಿರಲಿಲ್ಲ. “ಅವಳ ಕೈ ಅವಳಿಗಿದೆ. ನಿನ್ನ ಕೈ ಎಲ್ಲಮ್ಮ?” ಅನ್ನುವರು. ಈ ಮಾತು ನಾನು ಕೇಳಿಸಿಕೊಂಡಷ್ಟು ಇನ್ಯಾರೂ ಕೇಳಿಸಿಕೊಂಡಿರಲಾರರು.

ಶಿಲ್ಪಾ ನಮ್ಮ ಸ್ಟಾರ್. ನಮ್ಮ ತಂಡ ಹೊಡೆದ ಗೋಲುಗಳಲ್ಲಿ ಮುಕ್ಕಾಲು ಪಾಲು ಅವಳವೇ. ಒಂದು ದಿನ ಅವಳು, ಪ್ರಾಕ್ಟೀಸಲ್ಲಿ ಸರಿ ಮೇಡಂ, ಮ್ಯಾಚಲ್ಲೂ ಎತ್ತಬೇಕಾ ಅಂತ ಕೇಳಿದಳು. ಮ್ಯಾಚಿನಲ್ಲೇ ಎತ್ತಬೇಕಾದ್ದು, ಇಲ್ಲಿ ಅದಕ್ಕೇ ಅಭ್ಯಾಸ ಅಂದರು ಮೇಡಂ. ಮುಂದಿನ ಪಂದ್ಯದಲ್ಲಿ ಶಿಲ್ಪಾ ಚೆಂಡನ್ನು ಕಾಲಿನಿಂದ ತಡೆದು ಗೋಲು ಹೊಡೆದಳು. ಅಂಪೈರಿಗೆ ಕಾಣಲಿಲ್ಲ, ನಮಗೆಲ್ಲ ಕಂಡಿತು. ನಾವು ಗೆದ್ದೆವು, ಕುಣಿದೆವು. ದರ್ಶಿನಿಯಲ್ಲಿ ಅವಳ ಸರದಿ ಬಂದಾಗ ಮೊಬೈಲ್ ನೋಡುತ್ತಾ ಕೂತಳು. ಮೇಡಂ ಕಾದರು. ಅವಳು ತಲೆಯೆತ್ತಲಿಲ್ಲ. ಹೀಗೇ ಮೂರ್ನಾಲ್ಕು ಪಂದ್ಯ ನಡೆಯಿತು.

ಆಮೇಲೆ ಒಂದು ದಿನ ಸಿಡಿಲು ಬಡಿಯಿತು. ಶಿಲ್ಪಾಳನ್ನು ಬಹಳ ದಿನದಿಂದ ಕೇಳುತ್ತಿದ್ದ ದೊಡ್ಡ ಕ್ಲಬ್ಬೊಂದಕ್ಕೆ ಮೇಡಂ ಅವಳನ್ನು ಬಿಟ್ಟುಕೊಟ್ಟು, ಅಲ್ಲಿ ಬೆಂಚು ಕಾಯುತ್ತಿದ್ದ ಇಬ್ಬರನ್ನು ಬದಲಿಗೆ ಕರೆತಂದರು. ಒಬ್ಬಳು ಕೆಂಗೇರಿಯ ಗೋಲ್‌ಕೀಪರ್. ಇನ್ನೊಬ್ಬಳು ಗದಗಿನವಳು, ಉಲ್ಲಾಳದಲ್ಲಿ ಅಣ್ಣನ ಮನೆಯಲ್ಲಿದ್ದುಕೊಂಡು ಜ್ಞಾನಭಾರತಿಯಲ್ಲಿ ಓದುತ್ತಿದ್ದಳು. ಮುಳುಗುವ ದೋಣಿಯಿಂದ ಹುಟ್ಟನ್ನೇ ಕಿತ್ತು ಕೊಡುತ್ತಾರಲ್ಲಪ್ಪಾ ಅಂತ ನಾನು ಹೌಹಾರಿದೆ. ಅವರ ಮುಂದೆಯೂ ಕೂಗಾಡಿದೆ. ಅವರು ಹೇಳಿದ್ದು ಇಷ್ಟು: “ಅವಳು ಚೆನ್ನಾಗಿ ಆಡ್ತಾಳೆ ಕಣೇ, ಇಲ್ಲ ಅನ್ನಲ್ಲ. ಆದ್ರೆ ಅವಳು ಒಬ್ಳು ಎತ್ತದೇ ಇದ್ರೆ, ನಾಳೆ ನೀವು ಎತ್ತಿದ್ದನ್ನೂ ಯಾರೂ ನಂಬಲ್ಲ.”

ಗದಗಿನ ಹುಡುಗಿ ಮೊದಲ ದಿನವೇ ದರ್ಶಿನಿಯಲ್ಲಿ ಕೈ ಎತ್ತಿ, “ನಂದ ತಪ್ಪರೀ ಮೇಡಮ್ಮಾರ, ಕೂಗಿದ್ದು ನನಗ ಕೇಳಿಸ್ತು, ಕೇಳಿಸಿದ್ರೂ ಪಾಸ್ ಕೊಡ್ಲಿಲ್ಲ” ಅಂದಳು. ನಮಗೆಲ್ಲ ನಗು ತಡೆಯಲಾಗಲಿಲ್ಲ. ಒಳ್ಳೆಯ ಹುಡುಗಿ. ಆದರೆ ಒಳ್ಳೆಯತನದಿಂದ ಗೋಲಾಗುತ್ತದೆಯೇ? ಶಿಲ್ಪಾಳ ಜಾಗಕ್ಕೆ ಮೇಡಂ ನನ್ನನ್ನು ಮುಂದಕ್ಕೆ ತಂದಿದ್ದರು. ನಾನು ಅಲ್ಲಿ ಹೊಸ ಸೊಸೆಯ ಹಾಗೆ ಎಲ್ಲಿ ನಿಲ್ಲಬೇಕು ತಿಳಿಯದೆ ಓಡಾಡಿದೆ. ಸೋಲಿನ ಮೇಲೆ ಸೋಲು ಬಂತು.

ಸೆಕ್ರೆಟರಿ ಕಮಿಟಿ ಕರೆದರು. ಅಂಗಡಿಯ ಮಹಡಿ ಮೇಲಿನ ರೂಮು, ಸುತ್ತ ಪೇಂಟ್ ಡಬ್ಬಗಳ ವಾಸನೆ. ಕ್ಯಾಪ್ಟನ್ ಅಂತ ನನ್ನನ್ನೂ ಕೂರಿಸಿದ್ದರು. ಮೇಡಂ ಅವರನ್ನು ತೆಗೆಯುವುದು ಅಂತ ಒಳಗೊಳಗೇ ತೀರ್ಮಾನವಾಗಿತ್ತು, ಕಾರಣ ಹೇಳಿಸುವುದಷ್ಟೇ ಬಾಕಿ. ಈ ಸೋಲುಗಳಿಗೆಲ್ಲ ಯಾರು ಹೊಣೆ ಅಂತ ಸೆಕ್ರೆಟರಿ ಮೇಜು ಕುಟ್ಟಿದರು. ಮೇಡಂ ಕೂತಲ್ಲೇ ಕೈ ಎತ್ತಿದರು.

“ಇದು ನಂದು ಸಾರ್. ಇವಳು ಡಿಫೆನ್ಸಿಗೇ ಹುಟ್ಟಿದೋಳು. ಇವಳನ್ನ ಮುಂದಕ್ಕೆ ಹಾಕಿ ಹಿಂದೆಯೂ ಕೆಡಿಸ್ದೆ, ಮುಂದೆಯೂ ಕೆಡಿಸ್ದೆ. ನಾಳೆಯಿಂದ ಇವಳು ವಾಪಸ್ ಹಿಂದೆ, ಗದಗಿನ ಹುಡುಗಿ ಮುಂದೆ. ಶಿಲ್ಪನ್ನ ಕಳಿಸಿದ್ದಕ್ಕೆ ಮಾತ್ರ ನಾನು ಕೈ ಎತ್ತಲ್ಲ.”

ಕಮಿಟಿಗೆ ಮುಂದೆ ಏನು ಮಾಡಬೇಕೋ ತಿಳಿಯಲಿಲ್ಲ. ಅಷ್ಟು ವರ್ಷದಲ್ಲಿ ಆ ರೂಮಿನಲ್ಲಿ ಯಾರೂ ತಪ್ಪು ನನ್ನದು ಅಂದಿರಲಿಲ್ಲ. ಒಬ್ಬರು ಕೆಮ್ಮಿದರು, ಒಬ್ಬರು ಫ್ಯಾನ್ ನೋಡಿದರು. ನಾನು ಎದ್ದು, ಮೇಡಂ ಹೋದರೆ ನಾವೂ ಯಾರೂ ಇರುವುದಿಲ್ಲ ಅಂದೆ. ಹಾಗೆ ಹೇಳಬೇಕೆಂದು ಅಂದುಕೊಂಡು ಬಂದಿರಲಿಲ್ಲ. ಬಾಯಿಂದ ಬಂದುಬಿಟ್ಟಿತು, ಬಂದದ್ದು ಒಳ್ಳೆಯದೇ ಆಯಿತು. ಮೇಡಂ ಅವರನ್ನು ತೆಗೆಯುವ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಆಟ ತಿರುಗಿತು. ಯಾವ ಪವಾಡವೂ ಅಲ್ಲ. ತಪ್ಪಾದದ್ದು ಎಲ್ಲಿ ಅಂತ ಪ್ರತಿ ಸಲವೂ ಆದವಳೇ ಹೇಳುತ್ತಿದ್ದರಿಂದ ತಿದ್ದುವುದು ಸಲೀಸಾಗಿತ್ತು. ಒಂದು ಪಂದ್ಯ ಸಮ ಮಾಡಿಕೊಂಡೆವು, ಮುಂದಿನದನ್ನು ಗೆದ್ದೆವು. ಗದಗಿನವಳು ಮುಂದೆ ನಿಂತರೆ ಚೆಂಡು ಅವಳ ಸ್ಟಿಕ್ಕಿಗೆ ಅಂಟಿಕೊಳ್ಳುತ್ತಿತ್ತು. ಪಂದ್ಯದ ನಡುವೆ ನಾವು ಕೈ ಎತ್ತಿದಾಗ ಎದುರಿನ ತಂಡದವರು ಮೊದಲು ಕಕ್ಕಾಬಿಕ್ಕಿಯಾಗುವರು, ಆಮೇಲೆ ಕಿಸಕ್ಕನೆ ನಗುವರು. ನಗಲಿ ಬಿಡು, ಹಲ್ಲು ಅವರದು ಅನ್ನುತ್ತಿದ್ದರು ಮೇಡಂ.

ಕೊನೆಯ ಪಂದ್ಯ ಶಿಲ್ಪಾಳ ಹೊಸ ಕ್ಲಬ್ಬಿನ ಮೇಲೆಯೇ ಬಂತು. ಗೆದ್ದರೆ ಉಳಿಯುತ್ತೇವೆ, ಸಮವಾದರೂ ಬೀಳುತ್ತೇವೆ. ಊರಿನ ಆ ತುದಿಯ ಟರ್ಫ್ ಮೈದಾನ. ಸೆಕ್ರೆಟರಿಯೂ ಬಂದಿದ್ದರು, ಮುಚ್ಚುವ ಮುಂಚೆ ಒಂದು ಸಲ ನೋಡಿ ಹೋಗೋಣ ಅಂತಲೋ ಏನೋ. ಮೊದಲರ್ಧದಲ್ಲೇ ಗದಗಿನವಳು ಗೋಲು ಹೊಡೆದಳು. ಆಮೇಲಿನದೆಲ್ಲ ನಮ್ಮ ಗೋಲಿನ ಕಡೆಯೇ ಆಟ. ಶಿಲ್ಪಾ ಬಿರುಗಾಳಿಯಂತೆ ನುಗ್ಗಿ ಬರುವಳು, ನಾನು ಅಡ್ಡ ಬೀಳುವೆ. ನಡುವೆ ಒಂದು ಸಲ ಮೈದಾನದ ಮಧ್ಯದಲ್ಲಿ ಚೆಂಡು ನನ್ನ ಶೂ ತುದಿಗೆ ತಾಗಿತು. ಯಾರೂ ನೋಡಿರಲಿಲ್ಲ, ಚೆಂಡು ನಮ್ಮದೇ ಆಗಿತ್ತು. ಹೊಟ್ಟೆ ಉರಿದುಕೊಂಡೇ ಕೈ ಎತ್ತಿದೆ. ಎಳೆ ವಯಸ್ಸಿನ ಅಂಪೈರ್ ನನ್ನನ್ನು ಎರಡು ಸಲ ನೋಡಿ ಎದುರಿನವರಿಗೆ ಚೆಂಡು ಕೊಟ್ಟರು.

ಇನ್ನೇನು ಪಂದ್ಯ ಮುಗಿಯಬೇಕು. ಶಿಲ್ಪಾ ನಮ್ಮ ಗೋಲಿನ ಮುಂದೆ ನುಗ್ಗಿ ಬಂದು ಬಲವಾಗಿ ಬೀಸಿದಳು. ಚೆಂಡು ನನ್ನ ಪಾದದ ಪಕ್ಕದಲ್ಲಿ ನೆಲಕ್ಕೂರಿದ್ದ ಸ್ಟಿಕ್ಕಿಗೆ ಬಡಿದು ಗದಗಿನವಳ ಕಡೆ ಹಾರಿತು. ಎದುರಿನ ತಂಡದ ಹುಡುಗಿಯರೆಲ್ಲ ಕಾಲು, ಕಾಲು ಅಂತ ಬೊಬ್ಬೆ ಹೊಡೆದರು. ಕಾಲೇ ಅಂತ ಅಂಪೈರ್ ಸೀಟಿ ಊದಿದರೆ ಪೆನಾಲ್ಟಿ ಕಾರ್ನರ್. ಹೊತ್ತು ಮುಗಿದರೂ ಅದನ್ನು ಹೊಡೆಯಲು ಬಿಡಲೇಬೇಕು. ಶಿಲ್ಪಾ ಹೊಡೆದರೆ ಗೋಲು ಖಂಡಿತ, ನಮ್ಮ ತಂಡ ಅಲ್ಲಿಗೆ ಮುಗಿದಂತೆಯೇ.

ಅಂಪೈರ್ ಸೀಟಿಯನ್ನು ತುಟಿಗಿಟ್ಟರು. ಅವರಿಗೆ ಅಡ್ಡಲಾಗಿ ಶಿಲ್ಪಾಳ ಬೆನ್ನಿತ್ತು, ಕಂಡಿರಲಿಕ್ಕಿಲ್ಲ. ಅವರು ನನ್ನ ಮುಖ ನೋಡಿದರು. ಕೂಗಬೇಕು ಅಂತ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಎರಡೂ ಕೈಯಲ್ಲಿ ಸ್ಟಿಕ್ ಹಿಡಿದು ಸುಮ್ಮನೆ ನಿಂತೆ. ಜೀವಮಾನದಲ್ಲಿ ನಾನು ಅಷ್ಟು ಸುಮ್ಮನೆ ನಿಂತದ್ದು ಇನ್ನೊಂದಿಲ್ಲ. ಅಂಪೈರ್ ಸೀಟಿ ಕೆಳಗಿಳಿಸಿ ಆಟ ನಡೆಯಲಿ ಅಂತ ಸನ್ನೆ ಮಾಡಿದರು. ಗದಗಿನವಳು ಚೆಂಡನ್ನು ದೂರಕ್ಕೆ ಬಾರಿಸಿದಳು. ಪಂದ್ಯ ಮುಗಿಯಿತೆಂದು ಹೂಟರ್ ಮೊಳಗಿತು.

ಶಿಲ್ಪಾ ಓಡಿಹೋಗಿ ಅಂಪೈರನ್ನು ಅಡ್ಡಗಟ್ಟಿ, ಕಾಲಿಗೆ ತಗಲಿತ್ತು ಸಾರ್ ಅಂತ ವಾದಕ್ಕೆ ನಿಂತಳು.

“ತಗಲಿದ್ರೆ ಅವ್ರೇ ಕೈ ಎತ್ತಿರೋರು ಬಿಡಿ,” ಅಂದರು ಅಂಪೈರ್.

ಅಷ್ಟೇ. ನನಗೆ ಕಣ್ಣು ತುಂಬಿ ಏನೂ ಕಾಣಿಸದಾಯಿತು. ನಮ್ಮ ಹುಡುಗಿಯರೆಲ್ಲ ನನ್ನ ಮೇಲೆ ಬಿದ್ದರು, ಗೋಲ್‌ಕೀಪರ್ ಆ ದಪ್ಪ ಪ್ಯಾಡುಗಳ ಸಮೇತ ಬಿದ್ದಳು. ಗೆದ್ದಿದ್ದೆವು. ಉಳಿದಿದ್ದೆವು. ಗದ್ದಲದ ನಡುವೆ ಮೇಡಂ ನನ್ನ ಹತ್ತಿರ ಬಂದು ಮೆಲ್ಲಗೆ, ತಗಲಿತ್ತೇನೆ ಅಂತ ಕೇಳಿದರು. ಇಲ್ಲ ಮೇಡಂ ಅಂದೆ. ಅವರು “ಸರಿ” ಅಂದರು. ಆಣೆ ಕೇಳಲಿಲ್ಲ, ಮುಖವನ್ನು ದಿಟ್ಟಿಸಲೂ ಇಲ್ಲ. ಆ ಒಂದು ಮಾತಿನಿಂದ ನನಗಾದ ಸಂತೋಷ ಗೆದ್ದ ಸಂತೋಷಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು.

ಮೆಟ್ರೋದಲ್ಲಿ ನಮ್ಮ ಗಲಾಟೆಗೆ ಗಾರ್ಡು ಎರಡು ಸಲ ಬಂದು ಬೈದು ಹೋದರು. ದರ್ಶಿನಿ ಮುಟ್ಟಿದಾಗ ಸೆಕ್ರೆಟರಿ ಸ್ಕೂಟರಿನಲ್ಲಿ ನಮಗಿಂತ ಮುಂಚೆ ಬಂದು ನಿಂತಿದ್ದರು, ಎಲ್ಲರಿಗೂ ಮಸಾಲೆ ದೋಸೆ ಹೇಳಿಬಿಟ್ಟಿದ್ದರು. ಗೆದ್ದರೂ ಪದ್ಧತಿ ಪದ್ಧತಿಯೇ. ಒಬ್ಬೊಬ್ಬರಾಗಿ ನಮ್ಮ ನಮ್ಮ ತಪ್ಪು ಹೇಳುತ್ತಾ ಬಂದೆವು. ಕೊನೆಯವಳದು ಮುಗಿಯಿತು ಅನ್ನುವಾಗ, ಲೋಟ ಹಿಡಿದು ನಿಂತಿದ್ದ ಸೆಕ್ರೆಟರಿ ಇನ್ನೊಂದು ಕೈಯನ್ನು ಕಿವಿಯ ಮಟ್ಟಕ್ಕೆ ಎತ್ತಿದರು. ಪೂರ್ತಿ ಎತ್ತಲು ಮರ್ಯಾದೆ ಬಿಡಲಿಲ್ಲ.

“ಟೀಮ್ ಮುಚ್ತೀನಿ ಅಂದಿದ್ನಲ್ಲಮ್ಮ,” ಅಂದರು. “ಅದು... ಅದು ನಂದು.”

ನಾವು ನಕ್ಕ ನಗೆಗೆ ದೋಸೆ ಹುಯ್ಯುವವನು ಒಲೆ ಬಿಟ್ಟು ಹೊರಗೆ ಬಂದು ನೋಡಿದ. ಮೇಡಂ ಮಾತ್ರ ನಗಲಿಲ್ಲ. “ಕೈ ಇಳ್ಸಿ ಸಾರ್, ಕಾಫಿ ಆರೋಗತ್ತೆ,” ಅಂದರು.

ಇನ್ನೂ ಎರಡು ವರ್ಷ ನಮ್ಮನ್ನು ಆಡಿಸಿ, ಮಂಡಿ ನೋವು ಅಂತ ಸೀಟಿಯನ್ನು ನನ್ನ ಕೊರಳಿಗೆ ಹಾಕಿ ಅವರು ಕೆಂಗೇರಿಯಲ್ಲಿ ಮಗಳ ಮನೆ ಸೇರಿದರು. ತಂಡ ಇವತ್ತಿಗೂ ಮೇಲಿನ ಡಿವಿಷನ್‌ನಲ್ಲೇ ಇದೆ, ಕೋಚ್ ನಾನು. ಹುಡುಗಿಯರು ನನ್ನನ್ನು ಮನಸಾರೆ ಬೈದುಕೊಳ್ಳುತ್ತಾರೆಂದು ನನಗೆ ಗೊತ್ತಿದೆ. ಮೊನ್ನೆ ನಮ್ಮ ಬೀದಿಯಲ್ಲಿ ನೀರಿನ ವಿಷಯಕ್ಕೆ ಇಬ್ಬರು ಹೆಂಗಸರಿಗೆ ಜಗಳ ಹತ್ತಿ, ಮೊದಲು ಕೊಡ ಇಟ್ಟವರು ಯಾರು ಅಂತ ಇತ್ಯರ್ಥವಾಗಲಿಲ್ಲ. ನಮ್ಮಮ್ಮ ಅವರಿಬ್ಬರಿಗೂ, ನನ್ನ ಮಗಳು ನೋಡಿದಾಳೆ, ಅವಳನ್ನ ಕೇಳಿ, ಅವಳು ಸುಳ್ಳು ಹೇಳಲ್ಲ ಅಂದರು. ಚಿಕ್ಕಂದಿನಿಂದ ನನ್ನ ಮಾತಿನಲ್ಲಿ ಅರ್ಧ ಕಳೆದು ಉಳಿದದ್ದನ್ನು ಮಾತ್ರ ನಂಬುತ್ತಿದ್ದ ತಾಯಿ ಅವರು. ನಾನು ಹೇಳಿದೆ. ಇಬ್ಬರೂ ಮರುಮಾತಾಡದೆ ಕೊಡ ಎತ್ತಿಕೊಂಡು ಹೋದರು. ಒಳಗೆ ಬಂದು ಮೇಡಂ ಅವರಿಗೆ ಫೋನ್ ಮಾಡಿದೆ.